ಟಾಪ್ ತಗ್ಗಿಸಲು ಹೋದಾಗ

ಕತ್ತರಿಸಿ ತೆಗೆದ ಗಾಡಿಯ ಟಾಪ್, ಅಂದರೆ ಅದರ ಮೇಲ್ಛಾವಣಿ, ಚೈನಿನಲ್ಲಿ ತೂಗುತ್ತಿತ್ತು. ನಾನು ಅದರ ಕೆಳಗೇ, ಡ್ರೈವರ್ ಸೀಟಿನಲ್ಲಿ ಮಹಾರಾಜನಂತೆ ಕುಳಿತಿದ್ದೆ. ನನ್ನ ಹಳೆಯ ಪಿಕಪ್ ಟ್ರಕ್ಕಿನ ಟಾಪ್ ಕತ್ತರಿಸಿ, ಕಂಬಗಳನ್ನು ಗಿಡ್ಡ ಮಾಡಿ ಮತ್ತೆ ಬೆಸೆದು ತಗ್ಗಿಸಿದರೆ ಇಡೀ ಪುಣೆ ತಿರುಗಿ ನೋಡುತ್ತದೆ ಎಂಬುದು ನನ್ನ ಘನ ಸಂಶೋಧನೆ. ಈ ಕೆಲಸ ನಡೆದಿದ್ದ ನಿಗಡಿಯ ಗ್ಯಾರೇಜಿನ ವೆಲ್ಡರ್, ಯಾದಗಿರಿ ಕಡೆಯ ಶರಣಪ್ಪ ಕಾಕಾ ಗದರಿದರು: "ಹೊರಗ ಬಾ ತಮ್ಮಾ, ಚೈನಿನ ಮ್ಯಾಲ ಭರೋಸಾ ಇಡಬ್ಯಾಡ."

"ತಲಿಗೆ ತಾಗ್ತದೋ ಇಲ್ಲೋ ನೋಡ್ಬೇಕಲ್ರಿ ಕಾಕಾ! ತಾಗಿದ್ರೂ ಒಳಗೇನೂ ಇಲ್ಲ ಬಿಡ್ರಿ," ಎಂದು ನನ್ನ ಜೋಕಿಗೆ ನಾನೇ ನಕ್ಕೆ.

ಚೈನಿನ ಕೊಂಡಿ ಜಾರಿತು. ಟಾಪ್ ವಾಲಿ ನನ್ನತ್ತಲೇ ಬಂತು. ಓಡುವುದು ಬಿಟ್ಟು ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಕಾಕಾ ಬಾಗಿಲಿಗೆ ಒರಗಿ, ಟಾಪನ್ನು ಬಲಭುಜದ ಮೇಲೆ ಹೊತ್ತು ನಿಂತಿದ್ದರು. ಅಂಗಿ ರಕ್ತದಲ್ಲಿ ತೊಯ್ದಿತ್ತು.

"ನಿನಗೇನೂ ಆಗಿಲ್ಲಲ್ಲ?" ಎಂದರು, ಹಲ್ಲು ಕಚ್ಚಿಕೊಂಡು.

ಈಗ ಸಿಗ್ನಲ್‌ನಲ್ಲಿ ಜನ ನನ್ನ ಗಾಡಿಯ ಫೋಟೋ ತೆಗೆಯುತ್ತಾರೆ. ಟಾಪ್ ಬೆಸೆದವರು ಬೇರೆ ಯಾರೋ. ಬಲಗೈ ಮೇಲೇಳದ ಕಾಕಾ ಅದೇ ಗ್ಯಾರೇಜಿನ ಗೇಟು ಕಾಯುತ್ತಾರೆ. ನನ್ನನ್ನು ಕಂಡರೆ ಎಡಗೈ ಎತ್ತಿ, "ಗಾಡಿ ಹ್ಯಾಂಗ ಓಡ್ತದ ತಮ್ಮಾ?" ಎಂದು ಕೇಳುತ್ತಾರೆ. ಯಾವ ಜೋಕೂ ಮಾಡದೆ ಕೆಳಗಿಳಿದು, ಗೇಟು ನಾನೇ ತೆಗೆಯುತ್ತೇನೆ.