ಹರಿವೆ ಸೊಪ್ಪಿನ ಕೆಳಗೆ

ಬೆಳಿಗ್ಗೆ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಕಾರವಾರದ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಫೋನು ತಾನಾಗಿಯೇ ಒಂದು ಚಿತ್ರ ತೆಗೆದು ತೋರಿಸಿತು. ‘ಮೂರು ವರ್ಷಗಳ ಹಿಂದೆ ಇದೇ ದಿನ’ ಎಂದು ಬಲೂನು ಹಾರಿಸಿ, ‘ಮತ್ತೆ ಹಂಚಿಕೊಳ್ಳುತ್ತೀರಾ?’ ಎಂದು ಕೇಳಿತು. ಚಿತ್ರದಲ್ಲಿ ಎರಡು ಮುದಿ ಕೈಗಳು, ಒಂದು ಬಂಗಡೆ ಮೀನು. ನಮ್ಮ ಮದುವೆಯ ದಿನ ನನ್ನ ಗಂಡನಿಗೇ ನೆನಪಿರುವುದಿಲ್ಲ. ಈ ಫೋನಿಗೆ ಮಾತ್ರ, ನಾನು ಮರೆಯಬೇಕೆಂದಿರುವುದೆಲ್ಲ ತಪ್ಪದೆ ನೆನಪಿರುತ್ತದೆ.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಹುಟ್ಟಿದ್ದು ಕಾರವಾರದ ಹಬ್ಬುವಾಡದಲ್ಲಿ, ಪಾಠ ಹೇಳುವುದು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ. ಇದು ರೇಷನ್ ಕಾರ್ಡಿನ ನಾನು. ಜಾಲತಾಣದಲ್ಲಿರುವ ನಾನು ಬೇರೆ. ಅವಳು ಹತ್ತು ವರ್ಷದಿಂದ ಕಾಳಿ ಸೇತುವೆಯ ಮುಂದೆ ಗಾಳಿಗೆ ಸೆರಗು ಬಿಟ್ಟುಕೊಂಡು ನಿಂತಿದ್ದಾಳೆ. ಹಿಂದಿದ್ದ ಹಳೇ ಸೇತುವೆಯೇ ಕುಸಿದುಹೋಯಿತು, ಅವಳಿಗೆ ಒಂದು ಕೂದಲೂ ನೆರೆತಿಲ್ಲ. ಸಂಜೆಯಾದರೆ ಕಡಲದಂಡೆಯಲ್ಲಿ ಕುಳಿತು ಪುಸ್ತಕ ಓದುತ್ತಾಳಂತೆ. ನನಗೋ ಮರಳಿನಲ್ಲಿ ಕುಳಿತರೆ ತುರಿಕೆ. ಊರಿನ ನೆನಪುಗಳ ಒಂದು ಪುಟವನ್ನೂ ಅವಳು ನಡೆಸುತ್ತಾಳೆ. ಯಾರ ನೆನಪು ಎಲ್ಲಿ ಬಿದ್ದಿದ್ದರೂ ಹೆಕ್ಕಿ ತಂದು ಅಲ್ಲಿ ಹಾಕುತ್ತಾಳೆ.

ಈ ವಿದ್ಯೆ ನನಗೆ ಬಂದದ್ದು ಅಪ್ಪನಿಂದ ಇರಬೇಕು. ಅಪ್ಪ ಒಮ್ಮೆ ಪಂಢರಪುರಕ್ಕೆ ಹೋಗಿಬಂದವರು ಕೊರಳಿಗೆ ತುಳಸಿ ಮಾಲೆ ಹಾಕಿಕೊಂಡು ಮೀನು ಬಿಟ್ಟರು. ಕಾರವಾರದವನೊಬ್ಬ ಮೀನು ಬಿಡುವುದೆಂದರೆ ಸಣ್ಣ ಸುದ್ದಿಯೇ? ಕೇರಿಯವರೆಲ್ಲ ನೋಡಲು ಬಂದರು. ಭಜನಾ ಮಂಡಳಿಯ ಅಧ್ಯಕ್ಷಗಿರಿ ಮನೆ ಬಾಗಿಲಿಗೆ ನಡೆದುಬಂತು. ಹಣೆಗೆ ಗಂಧ, ಕೊರಳಿಗೆ ಮಾಲೆ, ಪಕ್ಕದ ಮನೆಯಲ್ಲಿ ಬಂಗಡೆ ಹುರಿದರೆ ಮೂಗಿಗೆ ಪಂಚೆಯ ತುದಿ. ಇಂಟರ್‌ನೆಟ್ ಇಲ್ಲದ ಕಾಲದಲ್ಲಿ ಇಷ್ಟು ಒಳ್ಳೆಯ ಪ್ರೊಫೈಲನ್ನು ಕಟ್ಟುವುದು ಸುಲಭವಾಗಿರಲಿಲ್ಲ.

ವ್ರತ ಹದಿನೇಳು ದಿನ ನಡೆಯಿತು.

ನಮ್ಮ ಕೇರಿಗೆ ಮೀನು ತರುತ್ತಿದ್ದವಳು ಚಿತ್ತಾಕುಲದ ಒಬ್ಬ ಹೆಂಗಸು. ನಾವು ಮಕ್ಕಳು ಅವಳನ್ನು ಮೀನಕ್ಕ ಎನ್ನುತ್ತಿದ್ದೆವು. ಅವಳು ನಮ್ಮ ಮುಂಬಾಗಿಲಲ್ಲಿ ನಿಂತು, ಇದು ಮಾಲೆ ಹಾಕಿದವರ ಮನೆ ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳಿ ಮುಂದೆ ಹೋಗುತ್ತಿದ್ದಳು. ಅರ್ಧ ಗಂಟೆ ಕಳೆದು ಹಿತ್ತಿಲ ಬಾವಿಕಟ್ಟೆಯ ಕಡೆಯಿಂದ ಬರುತ್ತಿದ್ದಳು. ಆಗ ಬುಟ್ಟಿಯ ಮೇಲೆ ಎರಡು ಕಟ್ಟು ಕೆಂಪು ಹರಿವೆ ಸೊಪ್ಪು, ಸೊಪ್ಪಿನ ಕೆಳಗೆ ಅಪ್ಪನ ಶೆಟ್ಲಿ, ಅಂದರೆ ಸಿಗಡಿ. ಅಪ್ಪ ಮಾಲೆಯನ್ನು ಬಿಚ್ಚಿ, ಒರಳಿನ ಹತ್ತಿರದ ಮೊಳೆಗೆ ದೇವರಿಗೆ ಕಾಣದಂತೆ ತೂಗುಹಾಕಿ ಊಟಕ್ಕೆ ಕೂರುತ್ತಿದ್ದರು. ವಾಸನೆ ಹೊರಗೆ ಹೋಗಬಾರದೆಂದು ಅಮ್ಮ ಒಂದು ಹಿಡಿ ಊದುಬತ್ತಿ ಹಚ್ಚುತ್ತಿದ್ದಳು. ನಡು ಮಧ್ಯಾಹ್ನವೂ ಪೂಜೆ ಮಾಡುವ ಮನೆ ಎಂದು ನಮ್ಮ ಹೆಸರು ಮತ್ತಷ್ಟು ಬೆಳೆಯಿತು.

ಯಾವ ಮನೆಯ ಸೊಸೆಗೆ ಮೀನಿನ ವಾಸನೆಗೆ ವಾಂತಿ ಬರುತ್ತಿದೆ, ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಪಾತ್ರೆ ಹಿಡಿದು ಬರುತ್ತಿದ್ದಾರೆ, ಎಲ್ಲ ಮೀನಕ್ಕನಿಗೆ ಮೊದಲು ಗೊತ್ತಾಗುತ್ತಿತ್ತು. ನಾನೀಗ ಫೋನಿನಲ್ಲಿ ಒಮ್ಮೆ ಸೊಳ್ಳೆಪರದೆ ಹುಡುಕಿದರೆ ವಾರವಿಡೀ ದೇಶದ ಸೊಳ್ಳೆಪರದೆಗಳೆಲ್ಲ ನನ್ನ ಹಿಂದೆ ಬೀಳುತ್ತವೆ. ಅವಳ ಬುಟ್ಟಿಗೆ ಬಿದ್ದ ಸುದ್ದಿ ಮಾತ್ರ ಇನ್ನೊಂದು ಮನೆಯ ಮೆಟ್ಟಿಲು ಹತ್ತಲಿಲ್ಲ. ಅಪ್ಪ ತೀರಿಕೊಂಡಾಗ ಮಂಡಳಿಯವರು ಅವರ ವೈರಾಗ್ಯವನ್ನು ಒಂದು ಗಂಟೆ ಹೊಗಳಿದರು. ಮೀನಕ್ಕ ಕಂಬಕ್ಕೊರಗಿ ಕುಳಿತು ಎಲ್ಲದಕ್ಕೂ ಹೌದು ಹೌದೆಂದು ತಲೆಯಾಡಿಸಿದಳು.

ಆಮೇಲೆ ಅವಳು ಬುಟ್ಟಿ ಹೊರುವುದನ್ನು ಬಿಟ್ಟು ಕಾರವಾರದ ಮಾರ್ಕೆಟ್ಟಿನಲ್ಲಿ ಕೂರತೊಡಗಿದಳು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ನಾನು ಅವಳ ಮುಂದೆ ಹೋಗಿ ನಿಂತೆ. ಅವಳು ನನ್ನತ್ತಲೇ ನೋಡುತ್ತಿದ್ದಳು, ಗುರುತು ಹಿಡಿಯಲಿಲ್ಲ. ಮಾತಾಡಿದ ಮೇಲೆ ಮುಖ ಅರಳಿತು. ಗಮನಿಸಿದೆ. ಮೀನಿನ ಕಿವಿರು ಎತ್ತಿ ತೋರಿಸುವ ಬದಲು ಅದರೊಳಗೆ ಬೆರಳಾಡಿಸುತ್ತಾಳೆ, ಹೊಟ್ಟೆ ಒತ್ತಿ ತಾಜಾ ಹೌದೋ ಅಲ್ಲವೋ ಹೇಳುತ್ತಾಳೆ. ನಾನು ಕಂಡುಕೊಂಡದ್ದು ಅವಳಿಗೂ ತಿಳಿಯಿತು. ನಮ್ಮ ಕಡೆ ಹೆಂಗಸರನ್ನು ಕರೆಯುವಂತೆ ‘ಬಾಯಿ’ ಎಂದು ಕರೆದು, ಕೈ ಹಿಡಿದು ಹತ್ತಿರ ಎಳೆದುಕೊಂಡಳು.

“ಕಣ್ಣು ಪೂರ್ತಿ ಮಂಜಾಗ್ಯದೆ, ಬಾಯಿ. ಗೊತ್ತಾದ್ರೆ ಯಾರೂ ನನ್ ಹತ್ರ ಮೀನು ತಕಳ್ಳೂದಿಲ್ಲ. ನೀ ಯಾರ ಹತ್ರಾನೂ ಹೇಳೂದು ಬೇಡ.”

ನಾನು ಯಾರ ಹತ್ತಿರವೂ ಹೇಳಲಿಲ್ಲ. ಬರೆದೆ, ಅಷ್ಟೇ. ಅವಳು ಬಂಗಡೆ ಒತ್ತುತ್ತಿದ್ದ ಕೈಗಳ ಚಿತ್ರ ತೆಗೆದುಕೊಂಡಿದ್ದೆ. ಮುಖ ತೋರಿಸಲಿಲ್ಲ, ಅಷ್ಟರ ಮಟ್ಟಿಗೆ ನಾನು ಸಭ್ಯಳು. ‘ಕಣ್ಣಿಲ್ಲದಿದ್ದರೇನು, ಬೆರಳುಗಳಿಗೆ ಕಣ್ಣಿದೆ’ ಎಂದು ಶುರುಮಾಡಿ, ಅವಳು ಮಾರ್ಕೆಟ್ಟಿನ ಯಾವ ಮೂಲೆಯಲ್ಲಿ ಕೂರುತ್ತಾಳೆಂಬುದನ್ನೂ ಸೇರಿಸಿ, ಕೊನೆಗೆ ಮೂರು ಕೈಮುಗಿದ ಚಿಹ್ನೆ ಹಾಕಿದೆ. ಸಂಜೆಯೊಳಗೆ ನನ್ನ ಬರಹ ಗೋವಾ ದಾಟಿತ್ತು. ನನ್ನನ್ನು ಜನ ಮಾನವೀಯ ಲೇಖಕಿ ಎಂದರು. ಎಷ್ಟು ಮಂದಿ ಮೆಚ್ಚಿದರೆಂದು ಅನ್ನ ಬಸಿಯುತ್ತಲೂ ನೋಡುತ್ತಿದ್ದೆ.

ಒಂದು ತಿಂಗಳು ಬಿಟ್ಟು ಹೋದಾಗ ಅವಳ ಜಾಗದಲ್ಲಿ ಬೇರೆಯವಳಿದ್ದಳು. ನಡೆದದ್ದನ್ನು ಅವಳೇ ಹೇಳಿದಳು. ಮೊದಲು ವಿಡಿಯೋ ಮಾಡುವವರು ಬಂದು ಮೀನಕ್ಕನ ಕೈಗೆ ಒಂದೊಂದೇ ಮೀನು ಕೊಟ್ಟು ಇದು ಯಾವುದು, ಅದು ಯಾವುದು ಎಂದು ಪರೀಕ್ಷೆ ಮಾಡಿದರಂತೆ. ಆಮೇಲೆ ಮೂವತ್ತು ವರ್ಷದ ಹಳೇ ಗಿರಾಕಿಗಳೂ ಅವಳ ಮೀನನ್ನು ಮೂಸಿ ನೋಡಿ ಕೆಳಗಿಟ್ಟು ಪಕ್ಕದವಳ ಹತ್ತಿರ ಹೋದರಂತೆ. ಮೀನಕ್ಕನ ಮಗ ಬೋಟಿನಲ್ಲಿ ದುಡಿಯುವವನು. ಕುರುಡಿ ತಾಯಿಯನ್ನು ಮೀನು ಮಾರಲು ಕೂರಿಸಿದ ಪಾಪಿ ಎಂದು ನನ್ನ ಬರಹದ ಕೆಳಗೇ ಜನ ಅವನಿಗೆ ಬೈದಿದ್ದರು. ಅವನು ಬಂದು ತಾಯಿಯನ್ನು ಮನೆಗೆ ಕರೆದುಕೊಂಡು ಹೋದ. ಆ ಬೈಗುಳಗಳಿಗೆಲ್ಲ ನಾನು ಒಂದೊಂದು ಹೃದಯದ ಚಿಹ್ನೆ ಒತ್ತಿದ್ದೆ, ಓದದೆ.

ಚಿತ್ತಾಕುಲಕ್ಕೆ ಹೋದೆ. ಮೀನಕ್ಕ ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದಳು. ಅವಳ ಕೈಗಳು ಖಾಲಿ ಇದ್ದದ್ದನ್ನು ನಾನು ಮೊದಲ ಸಲ ನೋಡಿದೆ. ಬೈದಿದ್ದರೆ ಒಳ್ಳೆಯದಿತ್ತು.

“ನಿಮ್ಮಪ್ಪಂದು ನಾ ಇಪ್ಪತ್ತು ವರ್ಷ ಸೊಪ್ಪಿನ ಕೆಳ್ಗೆ ಇಟ್ಕಂಡೆ. ನನ್ದು ನಿಂಗೆ ಒಂದಿನಾನೂ ಇಟ್ಕಳ್ಳೂಕೆ ಆಗ್ಲಿಲ್ಲ, ಅಲ್ದಾ ಬಾಯಿ.”

ನಾಚಿಕೆಯಾಯಿತು. ಅದಕ್ಕೆ ಹಾಕುವ ಚಿಹ್ನೆ ಯಾವುದೆಂದು ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ನೆರೆಮನೆಯ ಮುದುಕಿಯೊಬ್ಬಳು ಬಂದು, ನಾನು ಯಾರ ಮಗಳೆಂದು ತಿಳಿದುಕೊಂಡು, ಅಪ್ಪ ಅಷ್ಟು ವರ್ಷ ನಿಜವಾಗಿಯೂ ಮೀನು ಮುಟ್ಟಲಿಲ್ಲವೇ ಎಂದು ಮೀನಕ್ಕನನ್ನೇ ಕೇಳಿದಳು. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಯಾರಿಗೂ ಸಿಕ್ಕುವುದಿಲ್ಲ.

“ಅವ್ರಿಗೆ ಮೀನಿನ ವಾಸ್ನೆನೇ ಆಗ್ತಿರ್ಲಿಲ್ಲ,” ಎಂದಳು ಮೀನಕ್ಕ.

ಇವತ್ತು ಬೆಳಿಗ್ಗೆ ನಾನು ಕಾಯುತ್ತಿದ್ದ ಬಸ್ಸು ಬಂತು. ಹತ್ತಿ ಕುಳಿತು ಆ ಚಿತ್ರವನ್ನು ಅಳಿಸಲು ಹೋದೆ. ಬೇರೆಯವರು ಎತ್ತಿಕೊಂಡ ಪ್ರತಿಗಳು ಈಗಲೂ ಮಹಿಳಾ ದಿನದ ಶುಭಾಶಯ ಹೊತ್ತು ತಿರುಗುತ್ತಿವೆ ಎಂಬುದು ಗೊತ್ತಿದ್ದೇ ಹೋದೆ. ‘ಖಚಿತವೇ?’ ಎಂದು ಫೋನು ಕೇಳಿತು. ಮೂರು ವರ್ಷದ ಹಿಂದೆ ಹಾಕುವಾಗ ಅದು ಈ ಪ್ರಶ್ನೆ ಕೇಳಿರಲಿಲ್ಲ. ಒತ್ತಿದೆ.

ಈಗ ಅಪ್ಪನ ಗುಟ್ಟನ್ನು ನಿಮಗೆ ಹೇಳಿಬಿಟ್ಟಿದ್ದೇನೆ, ನನ್ನ ಚಾಳಿ ಪೂರ್ತಿ ಹೋಗಿಲ್ಲ. ಆದರೆ ಮೀನಕ್ಕನ ಹೆಸರು ಹೇಳಿಲ್ಲ, ಹೇಳುವುದೂ ಇಲ್ಲ. ಚಿತ್ತಾಕುಲದಲ್ಲಿ ಹುಡುಕಿಕೊಂಡು ಹೋಗುವ ಆಸೆಯಿದ್ದರೆ ಆ ಊರಿನ ಹೆಸರೂ ಸುಳ್ಳೆಂದು ತಿಳಿಯಿರಿ. ಅಕಸ್ಮಾತ್ ಅವಳು ಸಿಕ್ಕಿದರೂ ಪ್ರಯೋಜನವಿಲ್ಲ. ನಮ್ಮಪ್ಪ ಮೀನು ಮುಟ್ಟಿದವರೇ ಅಲ್ಲ ಎನ್ನುತ್ತಾಳೆ, ನೀವು ಅವಳ ಮಾತನ್ನೇ ನಂಬುತ್ತೀರಿ.