ಕಾಯಿ ಒಡೆದ ಜಾಗ

ಹಿರೇಹಡಗಲಿಯ ನಮ್ಮ ಹೊಲಕ್ಕೆ ನೀರೆತ್ತುವ ಹಳೆಯ ಡೀಸೆಲ್ ಎಂಜಿನ್ನಿನ ಬೋಲ್ಟೊಂದು ಎಷ್ಟು ತಿರುವಿದರೂ ಅಲುಗಲಿಲ್ಲ. ತಾಳ್ಮೆ ಎಂಬುದು ನನಗೆ ಮೊದಲಿನಿಂದಲೂ ಇಲ್ಲ. ಬೋಲ್ಟು ತಿರುವುವ ಪಾನಾಕ್ಕೆ ಪೈಪು ಸಿಗಿಸಿ ಜಗ್ಗಿದೆ. ಬೋಲ್ಟಿನ ತಲೆ ಮುರಿದು ಕೈಗೆ ಬಂತು.

"ನಿನ್ನ ಸಿಟ್ಟಿಗೆ ಕಬ್ಬಿಣಾನೂ ಉಳಿಯಂಗಿಲ್ಲ ನೋಡು," ಎಂದು ಅವ್ವ ನಕ್ಕಳು.

ಹಡಗಲಿ ಪೇಟೆಯಿಂದ ಬಂದ ಮೆಕ್ಯಾನಿಕ್ ಅವಸರ ಮಾಡಲಿಲ್ಲ. ಒಳಗೆ ಉಳಿದಿದ್ದ ತುಂಡಿಗೆ ಡೀಸೆಲ್ ಬಿಟ್ಟು, ಅವ್ವ ಕೊಟ್ಟ ಮಂಡಕ್ಕಿ ತಿಂದು, ಚಹಾ ಕುಡಿದ. ಆಮೇಲೆ ಅದರ ಅಂಚಿಗೆ ಉಳಿಯಿಟ್ಟು ಸಣ್ಣಗೆ ಬಡಿಯುತ್ತ, ಕೂದಲೆಳೆಯಷ್ಟೇ ತಿರುಗಿಸುತ್ತ ಹೋದ. ಕೊನೆಗೂ ತುಂಡು ಹೊರಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ.

"ಉಳಿದ ಬೋಲ್ಟೆಲ್ಲ ಛಲೋ ಅದಾವು. ಇದೊಂದಕ್ಕ ಯಾಕ ಇಷ್ಟು ತುಕ್ಕು ಹಿಡದೈತ್ರಿ? ಆಯುಧ ಪೂಜಿಗೆ ಕಾಯಿ ಎಲ್ಲಿ ಒಡೀತೀರಿ?"

ಅವ್ವ ಬೋಲ್ಟಿದ್ದ ಜಾಗಕ್ಕೇ ಬೆರಳು ತೋರಿಸಿದಳು. ವರ್ಷ ವರ್ಷವೂ ಅದರ ತಲೆಗೇ ಕಾಯಿ ಒಡೆದಿದ್ದೆವು. ಮೇಲೆ ಹರಿದ ನೀರನ್ನು ದೇವರದೆಂದು ಒಂದು ಸಲವೂ ಒರೆಸಿರಲಿಲ್ಲ.

ಈ ಸಲದ ಪೂಜೆಯಲ್ಲಿ ಕಾಯಿಯನ್ನು ಪಕ್ಕದ ಕಲ್ಲಿಗೆ ಒಡೆದೆವು. ಕುಂಕುಮದ ಬಟ್ಟಲು ಹಿಡಿದು ನಾನು ಎಂಜಿನ್ನಿನತ್ತ ಬಗ್ಗಿದರೆ, ಅವ್ವ ಕೈ ತಡೆದಳು.

"ತಡಿ, ಮೊದ್ಲು ಗ್ರೀಸ್ ಹಚ್ಚು."