ಅಟ್ಟ ಹತ್ತಿ ಕೂತ ಹತ್ತು ಜನ

2005ರಲ್ಲಿ ತಿಪಟೂರಿನಲ್ಲಿ ನನ್ನದೊಂದು ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಹತ್ತು ಕಂಪ್ಯೂಟರ್, ಆಗಾಗ ಕೈಕೊಡುವ ಒಂದು ಯುಪಿಎಸ್. ಜೊತೆಗೆ ಕೆಲಸ ಮಾಡುತ್ತಿದ್ದವನು ಶಫಿ. ಟೈಲರ್ ಮನೆತನದವನು. ಬಸ್ಸಿನಿಂದ ಬಿದ್ದು ಬಲಗಾಲು ಸೋತ ಮೇಲೆ ಹೊಲಿಗೆ ಮಿಷನ್ ತುಳಿಯಲಾಗದೆ, ನನ್ನಲ್ಲಿ ಕಂಪ್ಯೂಟರ್ ಚಿತ್ರಕಲೆ ಕಲಿತಿದ್ದ.

ಆ ವರ್ಷ ಬೆಂಗಳೂರಿನ ಸಣ್ಣ ಕಂಪನಿಯೊಂದು ನಮಗೆ ಪರೀಕ್ಷೆಗೆಂದು ಒಂದು ಕೆಲಸ ಕೊಟ್ಟಿತು. ಐದೈದು ಜನರ ಎರಡು ತಂಡ ಬಂದೂಕು ಹಿಡಿದು ಕಾದಾಡುವ ವಿಡಿಯೋ ಗೇಮ್. ಅದಕ್ಕೆ ನಾಲ್ಕು ‘ಕ್ಲಾಸ್’ ರೂಪಿಸಬೇಕು. ಕ್ಲಾಸ್ ಎಂದರೆ ಪಾತ್ರದ ಕಸುಬು: ನುಗ್ಗುವವನು, ಗಾಯಕ್ಕೆ ಮದ್ದು ಹಾಕುವವನು, ಹೀಗೆ. ಒಬ್ಬನಿಲ್ಲದೆ ಇನ್ನೊಬ್ಬನಿಗೆ ನಡೆಯಬಾರದು. ಒಪ್ಪಿಗೆಯಾದರೆ ಶಫಿಗೆ ಖಾಯಂ ಕೆಲಸ, ಅದೂ ತಿಪಟೂರಿನಲ್ಲೇ ಕೂತು.

ಮೂರು ಸಲೀಸಾಗಿ ಆದವು. ನಾಲ್ಕನೆಯದು ನನ್ನದು. ನಮ್ಮ ಮನೆಯಲ್ಲಿ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ತೆಂಗಿನಕಾಯನ್ನು ವರ್ಷದ ತನಕ ಯಾರೂ ಮುಟ್ಟುವಂತಿರಲಿಲ್ಲ. ಅದನ್ನೇ ಆಟಕ್ಕೆ ತಂದೆ: ಎತ್ತರದಲ್ಲಿ ಅಲುಗಾಡದೆ ಕೂತಷ್ಟೂ ಬಲ ಹೆಚ್ಚುವ ಕಾವಲುಗಾರ.

“ಎಲ್ರೂ ಅಟ್ಟ ಹತ್ತಿ ಕೂತ್ರೆ ಕೆಳಗೆ ಹೊಡೆದಾಡೋರು ಯಾರಕ್ಕ?” ಅಂದ ಶಫಿ.

“ಕಾಯ್ದೋರಿಗೇ ಕೊಬ್ಬರಿ ಕಣಪ್ಪ.”

“ನಮ್ಮಲ್ಲಿ ಕಚ್ಚಾ ಹೊಲಿಗೆ ಹಾಕಿ ಒಂದ್ಸಲ ತೊಡಿಸಿ ನೋಡ್ತಾರೆ. ಇಲ್ಲೇ ಹತ್ತು ಜನನ ಕೂರಿಸಿ ಆಡಿಸನ.”

“ಅರ್ಧಕ್ಕೇ ಒಡೆದು ನೋಡಿದ್ರೆ ಕೆಡ್ತದೆ, ಬುಡು,” ಅಂದೆ. ಹಾಗೇ ಕಳಿಸಿಬಿಟ್ಟೆ.

ಪರೀಕ್ಷೆಯ ದಿನ ಇಬ್ಬರೂ ಬೆಂಗಳೂರಿಗೆ ಹೋದೆವು. ಅವರ ಹತ್ತು ಹುಡುಗರು ಆಡಲು ಕೂತರು. ಮೊದಲ ಸುತ್ತು ಪರವಾಗಿಲ್ಲ. ಎರಡನೆಯದಕ್ಕೆ ಗುಟ್ಟು ಗೊತ್ತಾಯಿತು; ಹತ್ತೂ ಜನ ಕಾವಲುಗಾರನನ್ನೇ ಆರಿಸಿದರು. ಎದುರುಬದುರು ಮಾಳಿಗೆ ಹತ್ತಿ ಕೂತರು. ಇಪ್ಪತ್ತು ನಿಮಿಷ ಒಂದು ಗುಂಡೂ ಹಾರಲಿಲ್ಲ. ಒಬ್ಬ ಎದ್ದು ಹೋಗಿ ಟೀ ಕುಡಿದು ಬಂದ.

“ಚಿತ್ರ ಚೆನ್ನಾಗಿವೆ, ಮೇಡಂ. ಆಟ ನಡೀತಿಲ್ಲ,” ಅಂದರು ಮುಖ್ಯಸ್ಥರು. ಸರಿಪಡಿಸಲು ಒಂದು ವಾರದ ಸಮಯ ಕೇಳಿದೆ. ಕೆಲಸ ಬೇರೆಯವರಿಗೆ ಹೋಗುತ್ತದೆ ಅಂದರು.

ವಾಪಸ್ ಬರುವ ರೈಲಿನಲ್ಲಿ ಅರಸೀಕೆರೆ ಕಡೆಯ ಜನ ಕಾಲು ಚಾಚಲೂ ಬಿಡದಂತೆ ತುಂಬಿದ್ದರು. ಶಫಿ ಸೋತ ಕಾಲನ್ನು ನೀವಿಕೊಳ್ಳುತ್ತಾ, “ನಿಮ್ಮ ಕೊಬ್ಬರಿ ಕೊಳೆತೋಯ್ತಲ್ಲಕ್ಕ,” ಅಂತ ನಕ್ಕ. ನನಗೆ ನಗು ಬರಲಿಲ್ಲ.

ಆಮೇಲೆ ಅವನು ಕೇಂದ್ರಕ್ಕೆ ಬರಲಿಲ್ಲ. ಹೇಳಿ ಕಳಿಸಿದಾಗೆಲ್ಲ “ಬತ್ತೀನಿ” ಅನ್ನುತ್ತಿದ್ದ. ಅಣ್ಣನ ಟೈಲರ್ ಅಂಗಡಿಯ ಮೂಲೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುತ್ತಾ ಕೂತ. ಈಗಲೂ ಅಲ್ಲೇ ಇದ್ದಾನೆ. ಕೆಲಸ ಅರೆಬರೆ ಇರುವಾಗಲೇ ನಾಲ್ಕು ಜನರ ಕೈಗೆ ಕೊಡಬೇಕೆಂದು ಆವತ್ತಿನಿಂದ ನನ್ನ ವಿದ್ಯಾರ್ಥಿಗಳಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಅವರಿಗೆ ಉಪಯೋಗವಾಗಿರಬಹುದು.

ಮೊನ್ನೆ ಹೊಲಿಯಲು ಕೊಟ್ಟಿದ್ದ ಯಜಮಾನರ ಅಂಗಿ ತರಲು ಆ ಅಂಗಡಿಗೆ ಹೋಗಿದ್ದೆ. ಶಫಿ ಅದನ್ನು ಮಡಿಸಿ ಕೊಡುತ್ತಾ ಅಂದ: “ಗುಂಡಿ ಇನ್ನೂ ಹಾಕಿಲ್ಲ ಅಕ್ಕ. ಮೊದ್ಲು ಒಂದ್ಸಲ ತೊಡಿಸಿ ನೋಡಿ.”